ದಿಕ್ಕಿಲ್ಲದವರ ಎಲೆ

1956ರ ಜನವರಿ 23, ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕ್ಯಾಸಂಬಳ್ಳಿಯ ಕದಿರಮ್ಮನವರು ಬಂಗಾರಪೇಟೆ ಜಂಕ್ಷನ್ನಿನ ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಅವರು ಎಲ್ಲಿಗೂ ಹೋಗಬೇಕಿರಲಿಲ್ಲ. ಮಾರಿಕುಪ್ಪಂ ಕಡೆಯಿಂದ ಬಂದ ರೈಲಿನಿಂದ ಆಗಷ್ಟೇ ಇಳಿದಿದ್ದರು. ಸೊಂಟದ ಮೇಲೆ ಅವರೆಕಾಯಿ ಬುಟ್ಟಿ ಇತ್ತು. ಕಿಟಕಿಯ ಒಳಗಿದ್ದ ಗುಮಾಸ್ತ ಅವರ ಮೊಮ್ಮಗ ಕೋದಂಡಪ್ಪ. ಮನೆಗೆ ಹೋದರೆ ಅವನು ಏನಾದರೂ ನೆಪ ಹೇಳಿ ಎದ್ದು ಹೋಗುತ್ತಾನೆ, ಕಿಟಕಿಯಲ್ಲಾದರೆ ಏಳುವಂತಿಲ್ಲ ಎಂಬುದು ಅವರ ಲೆಕ್ಕ.

"ಎಲ್ಲಿಗಮ್ಮ?" ಕೋದಂಡಪ್ಪ ತಲೆ ಎತ್ತದೆ ಕೇಳಿದ.

"ಮೇಲಕ್ಕೆ. ಅದ್ನೇ ಕೇಳಾನ ಅಂತ ಬಂದೆ. ನಾನು ಸತ್ರೆ ನನ್ನ ಎಂಗ್ಲಾ ಕಳಿಸ್ತೀಯಾ? ಅರಿಸ್ನ ಕುಂಕ್ಮ ಇಕ್ಕಾ, ಇಕ್ದೇನಾ?"

ಹಿಂದೆ ನಿಂತಿದ್ದವರಲ್ಲಿ ಒಬ್ಬ, ಅಜ್ಜಿಗೆ ವಾಪಸ್ ಟಿಕೆಟ್ ಕೊಡಬೇಡಣ್ಣ, ದುಡ್ಡು ದಂಡ ಎಂದ. ಸಾಲು ನಕ್ಕಿತು. ಕದಿರಮ್ಮ ನಗಲಿಲ್ಲ. ಉತ್ತರ ಸಿಗುವವರೆಗೆ ಪಕ್ಕಕ್ಕೆ ಸರಿಯಲೂ ಇಲ್ಲ. ಕೊನೆಗೆ ಕೋದಂಡಪ್ಪ, ಭಾನುವಾರ ಊರಿಗೆ ಬರುತ್ತೇನೆ ಎಂದು ಮಾತು ಕೊಟ್ಟ ಮೇಲೆ ಬುಟ್ಟಿ ಎತ್ತಿಕೊಂಡು ಪೇಟೆಯ ಕಡೆ ನಡೆದರು.

ಪ್ರಶ್ನೆ ಹುಟ್ಟಿದ್ದು ಹಿಂದಿನ ವಾರ. ಊರಿನಲ್ಲಿ ಕನಕಮ್ಮ ಎಂಬ ಮುದುಕಿ ತೀರಿಕೊಂಡಿದ್ದರು. ಗಂಡ ಬದುಕಿದ್ದುದರಿಂದ ಅವರಿಗೆ ಮುತ್ತೈದೆಯ ಮರ್ಯಾದೆಯಾಯಿತು. ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಮುಡಿಗೆ ಹೂವು, ಕೈತುಂಬ ಹಸಿರು ಬಳೆ. ಮಣ್ಣು ಮಾಡಿ ಬಂದ ಹೆಂಗಸರು ಜಗಲಿಯ ಮೇಲೆ ಕೂತು, ಈ ಕದಿರಮ್ಮನ ವಿಷಯದಲ್ಲಿ ಯಾರನ್ನು ಕೇಳೋದು ಎಂದು ಮಾತಾಡಿಕೊಂಡರು. ಗಂಡ ಇದ್ದಾನೋ ಇಲ್ಲವೋ ತಿಳಿಯದವಳಿಗೆ ಕುಂಕುಮ ಇಟ್ಟು ಕಳಿಸಿದರೆ ತಪ್ಪೋ, ಇಡದೆ ಕಳಿಸಿದರೆ ತಪ್ಪೋ? ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಕದಿರಮ್ಮ ಗೋಡೆಯ ಆಚೆಯೇ ಇದ್ದರು.

ಅವರ ಗಂಡ ಮುನಿಸ್ವಾಮಪ್ಪ ಮನೆಯಿಂದ ಕಾಣೆಯಾದದ್ದು 1902ರಲ್ಲಿ. ಆಗ ಕದಿರಮ್ಮನವರಿಗೆ ಹದಿನಾರು ತುಂಬಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ತವರೂರು ಬೂದಿಕೋಟೆಯಲ್ಲಿದ್ದರು. ಮಗು ಆಂಜಿನಪ್ಪನಿಗೆ ಐದು ತಿಂಗಳಾದಾಗ ಗಂಡನ ಮನೆಗೆ ಬಂದರೆ ಗಂಡ ಇರಲಿಲ್ಲ. ಅಣ್ಣನ ಜೊತೆ ಜಗಳವಾಡಿಕೊಂಡು, ಕೂಲಿ ಮೇಸ್ತ್ರಿಯೊಬ್ಬನ ಹಿಂದೆ ರಂಗೂನಿಗೆ ಹೋದ ಎಂದು ಅತ್ತೆ ಹೇಳಿದರು. ಒಂದಲ್ಲ ಒಂದು ದಿನ ಬರುತ್ತಾನೆ ಎಂದೂ ಹೇಳಿದರು. ಆ ದಿನದಿಂದ ಕದಿರಮ್ಮ ಕುಂಕುಮ ಬಿಡಲಿಲ್ಲ, ಕಾಲುಂಗುರ ತೆಗೆಯಲಿಲ್ಲ. ಊರು ಅವರಿಗೆ ಇಟ್ಟ ಹೆಸರು 'ಗಂಡ ಬಿಟ್ಟೋಳು'. ಯಾರೂ ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಆದರೆ ಗುರುತು ಹೇಳುವಾಗ ಬಳಸುತ್ತಿದ್ದರು.

ಮಗನನ್ನು ಸಾಕಲು ಅವರು ತರಕಾರಿ ಬುಟ್ಟಿ ಹೊತ್ತು ಚಿನ್ನದ ಗಣಿ ಕೂಲಿಗಳ ಲೈನ್ ಮನೆಗಳಿಗೆ ಹೋಗತೊಡಗಿದರು. ಕ್ಯಾಸಂಬಳ್ಳಿಯ ಸೊಪ್ಪು, ಬದನೆ, ಅವರೆ. ಲೈನ್ ಮನೆಗಳಲ್ಲಿ ತಮಿಳು ಬೇಕಿತ್ತು, ಕಲಿತರು. ತೆಲುಗು ಮೊದಲೇ ಬರುತ್ತಿತ್ತು. ಮೂರು ಭಾಷೆಗಳಲ್ಲಿ ಚೌಕಾಸಿ ಮಾಡುತ್ತಿದ್ದ ಅವರು, ಬಯ್ಯುವುದಕ್ಕೆ ಮಾತ್ರ ಕನ್ನಡವನ್ನೇ ಇಟ್ಟುಕೊಂಡಿದ್ದರು. ಒಂದು ಗಣಿಯ ಗೇಟಿನ ಎದುರು, ಬೇವಿನ ಮರದ ಕೆಳಗೆ ಅವರಿಗೆ ಖಾಯಂ ಜಾಗವಿತ್ತು. ಪಾಳಿ ಮುಗಿಸಿ ಮೇಲೆ ಬಂದ ಗಂಡಸರು ಮುಖ ತೊಳೆಯುವ ಮೊದಲೇ ಅಲ್ಲಿ ಸೊಪ್ಪು ಕೊಳ್ಳುತ್ತಿದ್ದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಆ ಗೇಟಿನ ಎದುರು ಕೂತಿದ್ದರು.

ಗಂಡನ ಅಣ್ಣ ಬಚ್ಚಪ್ಪ ಮದುವೆಯಾಗದೆ ಅದೇ ಮನೆಯಲ್ಲಿ ಉಳಿದು ಹೊಲ ನೋಡಿಕೊಂಡರು. ಮೊದಲು ಗಣಿಗೆ ಹೋಗುತ್ತಿದ್ದವರು ಕದಿರಮ್ಮ ಬಾಣಂತನ ಮುಗಿಸಿ ಬರುವ ಹೊತ್ತಿಗೆ ಗಣಿ ಬಿಟ್ಟಿದ್ದರು. ಮತ್ತೆ ಆ ಕಡೆ ಹೋಗಲಿಲ್ಲ. ಸಂತೆಗೂ ಬೇರೆ ಯಾರನ್ನೋ ಕಳಿಸುತ್ತಿದ್ದರು. ಆಂಜಿನಪ್ಪನನ್ನು ಅವರೇ ಎತ್ತಿ ಆಡಿಸಿದರು, ಶಾಲೆಗೆ ಸೇರಿಸಿದರು, ಮದುವೆ ಮಾಡಿದರು. ಮುಂದೆ ಕೋದಂಡಪ್ಪನನ್ನೂ ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದರು. ಅವರ ಎಡಗೈ ಹೆಬ್ಬೆರಳು ಅರ್ಧ ಇರಲಿಲ್ಲ. ಚಿಕ್ಕವರಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಆ ಮೊಂಡು ಬೆರಳನ್ನೇ ಹಿಡಿದು ನಡೆದದ್ದು ಕೋದಂಡಪ್ಪನಿಗೆ ನೆನಪಿತ್ತು.

ಒಂದೇ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದರೂ ಕದಿರಮ್ಮ ಮತ್ತು ಬಚ್ಚಪ್ಪ ಒಬ್ಬರಿಗೊಬ್ಬರು ಎದುರು ನಿಂತು ಮಾತಾಡಿದವರಲ್ಲ. ತಮ್ಮನ ಹೆಂಡತಿ ಬಾವನ ಮುಂದೆ ನಿಲ್ಲುವಂತಿಲ್ಲ, ಅವನೂ ಅವಳಿರುವ ಕಡೆ ನೋಡುವಂತಿಲ್ಲ; ಅದು ಅಲ್ಲಿಯ ರೂಢಿ. ಉಪ್ಪು ತರಬೇಕೆಂದರೂ ಮಗುವಿಗೆ ಹೇಳಿದಂತೆ, ಬಾಗಿಲಿಗೆ ಹೇಳಿದಂತೆ ಹೇಳಬೇಕು. ನನ್ನ ಗಂಡ ಎಲ್ಲಿ ಎಂಬ ಪ್ರಶ್ನೆಯನ್ನು ಬಾಗಿಲಿಗೆ ಕೇಳಲು ಬರುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ಕೇಳಲು ಬೇರೆ ಯಾರೂ ಉಳಿಯಲಿಲ್ಲ. 1936ರಲ್ಲಿ ಬಚ್ಚಪ್ಪನೂ ಹೋದರು. 1949ರಲ್ಲಿ ಆಂಜಿನಪ್ಪ ಹೋದರು. ಮನೆಯಲ್ಲಿ ಉಳಿದವರು ಕದಿರಮ್ಮ ಮತ್ತು ಸೊಸೆ ಅಮ್ಮಾಜಮ್ಮ.

ಮಾತು ಕೊಟ್ಟಂತೆ ಕೋದಂಡಪ್ಪ ಭಾನುವಾರ ಊರಿಗೆ ಬಂದ, ಉತ್ತರವಿಲ್ಲದೆ ವಾಪಸು ಹೋದ. ಆದರೆ ಹುಡುಕುತ್ತೇನೆ ಎಂದು ಒಪ್ಪಿಕೊಂಡಿದ್ದ. ಮೊದಲು ಅವನು ರಂಗೂನನ್ನೇ ನಂಬಿದ. ರೈಲ್ವೆ ನೌಕರನಿಗೆ ಸಿಗುವ ಪಾಸಿನಲ್ಲಿ ಮದರಾಸಿಗೆ ಎರಡು ಸಲ ಹೋಗಿ, ಹಡಗು ಹತ್ತಿದ ಕೂಲಿಗಳ ಬಗ್ಗೆ ಸರ್ಕಾರ ನಡೆಸಿದ ಹಳೆಯ ಪತ್ರವ್ಯವಹಾರವನ್ನು ಓದಿದ. ಅಲ್ಲಿ ತಲೆಗಳ ಸಂಖ್ಯೆ ಇತ್ತು, ಕಾಲರಾದ ವರದಿ ಇತ್ತು, ಅಕ್ಕಿಯ ತೂಕ ಇತ್ತು. ಹೆಸರುಗಳಿರಲಿಲ್ಲ. ಹೀಗೆ ಒಂದೂವರೆ ವರ್ಷ ಕಳೆಯಿತು.

ದಾರಿ ತೋರಿಸಿದವರು ಶ್ರೀನಿವಾಸಪ್ಪ. ಹಿಂದೆ ಬೆಂಗಳೂರಿನಲ್ಲಿ ದಿವಾನರ ಕಚೇರಿಯಲ್ಲಿ ಕಡತ ನೋಡಿಕೊಳ್ಳುತ್ತಿದ್ದು, ನಿವೃತ್ತರಾಗಿ ಬಂಗಾರಪೇಟೆಯಲ್ಲಿ ನೆಲೆಸಿದ್ದವರು. ಪಿಂಚಣಿಗೆ ಸಂಬಂಧಿಸಿದ ಕೆಲಸಕ್ಕೆ ತಿಂಗಳಿಗೊಮ್ಮೆ ಟಿಕೆಟ್ ಕೊಳ್ಳಲು ಬರುತ್ತಿದ್ದರು. ಕೋದಂಡಪ್ಪನ ಕಥೆ ಕೇಳಿ ಅವರು ಮೊದಲು ಮಾಡಿದ್ದು ಬಯ್ದದ್ದು.

"ಹೆಸರು ಹುಡುಕ್ತಾ ಕೂತರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸಿಗಲ್ಲ ಕಣ್ರೀ. ಸರ್ಕಾರ ಹೆಸರಿಗೆ ಕಾಗದ ಬರೀತಿರಲಿಲ್ಲ, ಗಲಾಟೆಗೆ ಬರೀತಿತ್ತು. ಆ ವರ್ಷ ನಿಮ್ಮ ಕಡೆ ಏನು ಗಲಾಟೆ ಆಯ್ತು, ಅದನ್ನ ಹುಡುಕಿ."

ಆಮೇಲೆ ಅವರು ವಿವರವಾಗಿ ತಿಳಿಸಿದರು. ಪ್ರತಿ ವರ್ಷದ ಪತ್ರಗಳಿಗೂ ಒಂದು ವಿಷಯಸೂಚಿ ಇರುತ್ತದೆ. ಒಂದು ಪತ್ರ ಸಿಕ್ಕರೆ ಅದರ ಬದಿಯಲ್ಲಿ ಹಿಂದಿನ ಪತ್ರದ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಮೈಸೂರು ರಾಜ್ಯದಲ್ಲಿ ಬಿಳಿಯನೊಬ್ಬನ ಮೇಲೆ ದೂರು ಬಂದರೆ ಇಲ್ಲಿಯ ಕೋರ್ಟು ವಿಚಾರಿಸುವಂತಿರಲಿಲ್ಲ. ಅದು ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರಿಗೆ ಹೋಗುತ್ತಿತ್ತು. ಹೋಗುವಾಗ ಹೇಳಿಕೆಗಳ ನಕಲು ಜೊತೆಗೆ ಹೋಗುತ್ತಿತ್ತು. ಕೂಲಿಯವನ ಹೆಸರು ಸರ್ಕಾರದ ಕಾಗದಕ್ಕೆ ಏರುತ್ತಿದ್ದದ್ದು ಸಾಮಾನ್ಯವಾಗಿ ಅಂಥ ನಕಲುಗಳಲ್ಲಿ. ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು: ಕ್ಯಾಸಂಬಳ್ಳಿಯಿಂದ ಬೇರೆ ಯಾರಾದರೂ ರಂಗೂನಿಗೆ ಹೋಗಿದ್ದು ಉಂಟೇ? ಕೋದಂಡಪ್ಪ ಯೋಚಿಸಿದ. ಒಬ್ಬರೂ ಇರಲಿಲ್ಲ. ಹೋದವರೆಲ್ಲ ಹೋದದ್ದು ಗಣಿಗೆ.

ದಿವಾನರ ಕಚೇರಿಯ ಹಳೆಯ ಕಡತಗಳಿದ್ದ ಬೆಂಗಳೂರಿನ ದಾಖಲೆ ಕೋಣೆಗೆ ಅನುಮತಿ ಸಿಗಲು ಮೂರು ಅರ್ಜಿ ಬೇಕಾದವು. ಒಳಗೆ ಹೋದ ಮೇಲೆ ಕೆಲಸ ಸುಲಭವಾಗಿತ್ತು, ನಿಧಾನವಾಗಿತ್ತು. ರಜೆ ಸಿಕ್ಕ ದಿನ ಹೋಗಿ, 1902ರ ಸೂಚಿಯಲ್ಲಿ ಗಣಿಗಳಿಗೆ ಸೇರಿದ ವಿಷಯಗಳನ್ನು ಒಂದೊಂದಾಗಿ ತರಿಸಿಕೊಂಡು ಓದುತ್ತಿದ್ದ. ನೀರಿನ ಕೊಳವೆ, ಹೆಂಡದ ಅಂಗಡಿ, ಚಿನ್ನ ಕದ್ದವರ ಮೇಲಿನ ಮೊಕದ್ದಮೆ. ಕಡತ ತಂದುಕೊಡುತ್ತಿದ್ದ ನೌಕರ, ಏನ್ ಸಾರ್, ತಾತ ಇವತ್ತಾದರೂ ಸಿಕ್ಕಿದ್ರಾ ಎಂದು ಬಾಗಿಲಲ್ಲೇ ವಿಚಾರಿಸುತ್ತಿದ್ದ.

1958ರ ಅಕ್ಟೋಬರ್ 11ರಂದು ಸಿಕ್ಕರು. ಅದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ.

ಪತ್ರದ ವಿಷಯ ಒಬ್ಬ ಇಂಗ್ಲಿಷ್ ಫೋರ್ಮನ್. 1902ರ ಜುಲೈ ತಿಂಗಳಲ್ಲಿ, ಸಿಡಿಯದೆ ಉಳಿದ ಮದ್ದು ಇದೆಯೋ ಇಲ್ಲವೋ ನೋಡದೆ ಕೂಲಿಯವರನ್ನು ಒಳಗೆ ಕಳಿಸಿದ ಎಂಬುದು ಅವನ ಮೇಲಿನ ಆರೋಪ. ಒಬ್ಬ ಸತ್ತಿದ್ದ. ದಿವಾನರ ಕಚೇರಿ ರೆಸಿಡೆಂಟರಿಗೆ ಬರೆದಿತ್ತು, ರೆಸಿಡೆಂಟರ ಕಚೇರಿ ಉತ್ತರಿಸಿತ್ತು, ಫೋರ್ಮನ್‌ಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಜೊತೆಗಿದ್ದ ನಕಲುಗಳಲ್ಲಿ ಕೊನೆಯದು, ಹೆಣವನ್ನು ಪಡೆದುಕೊಂಡವನ ಹೇಳಿಕೆ. ಕ್ಯಾಸಂಬಳ್ಳಿಯ ಕೆಂಚಪ್ಪನ ಮಗ ಮುನಿಸ್ವಾಮಪ್ಪ, ಸತ್ತವನ ತಮ್ಮ.

ಕೋದಂಡಪ್ಪನಿಗೆ ಮೊದಲು ಆದದ್ದು ಸಂತೋಷ. ತಾತ ಇದ್ದಾರೆ, ಮಾತಾಡುತ್ತಿದ್ದಾರೆ. ಅವನು ಆ ಸಾಲನ್ನು ಎರಡನೆಯ ಸಲ ಓದಿದ. ಹಾಗಾದರೆ ಸತ್ತವನು ಯಾರು? ಮೇಲಿನ ಪುಟದಲ್ಲಿ ಬರೆದಿತ್ತು: ಬಚ್ಚಪ್ಪ, ಕೆಂಚಪ್ಪನ ಮಗ, ಅದೇ ಊರು, ಜೇಬಿನಲ್ಲಿದ್ದ ಗಣಿಯ ನಂಬರಿನ ಹಿತ್ತಾಳೆ ಬಿಲ್ಲೆಯಿಂದ ಗುರುತಿಸಲಾಗಿದೆ.

1902ರಲ್ಲಿ ಸತ್ತ ಬಚ್ಚಪ್ಪ ಕೋದಂಡಪ್ಪನನ್ನು ಶಾಲೆಗೆ ಬಿಟ್ಟು ಬರಲು ಸಾಧ್ಯವಿಲ್ಲ. ಹಾಗಾದರೆ ಬೇರೆ ಬಚ್ಚಪ್ಪನೇ? ಊರು ಅದೇ, ತಂದೆಯ ಹೆಸರು ಅದೇ. ಕೆಂಚಪ್ಪನಿಗೆ ಇದ್ದದ್ದು ಇಬ್ಬರೇ ಗಂಡುಮಕ್ಕಳು. ಉತ್ತರ ಹೇಳಿಕೆಯ ಅಡಿಯಲ್ಲಿತ್ತು. ಹೆಬ್ಬೆಟ್ಟಿನ ಗುರುತು ಇರಬೇಕಾದಲ್ಲಿ ನಕಲು ಬರೆದ ಗುಮಾಸ್ತ ಒಂದು ಷರಾ ಹಾಕಿದ್ದ: ಎಡಗೈ ಹೆಬ್ಬೆರಳು ಮೊಂಡಾಗಿರುವುದರಿಂದ ತೋರುಬೆರಳಿನ ಗುರುತು ಪಡೆಯಲಾಗಿದೆ.

ತಮ್ಮ ಎಂದು ಹೇಳಿ ಹೆಣ ತೆಗೆದುಕೊಂಡು ಹೋದವರು ಬಚ್ಚಪ್ಪ. ಬಚ್ಚಪ್ಪನ ಬಿಲ್ಲೆ ಇಟ್ಟುಕೊಂಡು ಗಣಿಗಿಳಿದು ಸತ್ತವರು ಮುನಿಸ್ವಾಮಪ್ಪ.

ಇದರಲ್ಲಿ ದಾಖಲೆ ಹೇಳುವುದು ಇಷ್ಟೆ. ಉಳಿದದ್ದು ಊಹೆ, ಆದರೆ ಕಷ್ಟದ ಊಹೆಯಲ್ಲ. ಆ ದಿನ ಬಚ್ಚಪ್ಪನಿಗೆ ಜ್ವರವೋ ಮತ್ತೇನೋ ಇರಬೇಕು. ಪಾಳಿ ತಪ್ಪಿದರೆ ಕೆಲಸ ಹೋಗುತ್ತದೆಂದು ಅಣ್ಣನ ಬಿಲ್ಲೆ ಹಿಡಿದು ತಮ್ಮ ಇಳಿಯುವುದು, ಅಪ್ಪನ ಬದಲು ಮಗ ಇಳಿಯುವುದು ಆ ಕಾಲದ ಹಳ್ಳಿಯವರಲ್ಲಿ ಇತ್ತು. ಸಿಕ್ಕಿಬಿದ್ದರೆ ಚಿನ್ನದ ಕಳ್ಳನೆಂಬ ಗುಮಾನಿ ಬೀಳುತ್ತಿತ್ತು. ಆದ್ದರಿಂದ ಬಚ್ಚಪ್ಪ ಗೇಟಿನಲ್ಲಿ ತನ್ನ ಹೆಸರಿನ ಸಾವನ್ನು ಒಪ್ಪಿಕೊಂಡು, ತಮ್ಮನ ಹೆಸರಿನಲ್ಲಿ ಗುರುತು ಒತ್ತಿ ಬಂದರು. ಹೆಣವನ್ನು ಊರಿಗೆ ತರದೆ ಆ ಕಡೆಯೇ ಎಲ್ಲೋ ಮಣ್ಣು ಮಾಡಿರಬೇಕು, ಊರಿಗೆ ಗೊತ್ತಾಗಲಿಲ್ಲ. ಕಾಗದದಲ್ಲಿ ಸತ್ತವರು ಮತ್ತೆ ಆ ಗಣಿಗೆ ಹೋಗುವುದು ಹೇಗೆ? ಬೂದಿಕೋಟೆಯಲ್ಲಿ ಕದಿರಮ್ಮ ಆಗ ಬಾಣಂತಿ. ಬಾಣಂತಿಯ ಕಿವಿಗೆ ಸಾವಿನ ಸುದ್ದಿ ಹಾಕಬಾರದು, ಹಾಲು ಬತ್ತುತ್ತದೆ ಎಂಬ ನಂಬಿಕೆ ಈಗಲೂ ಇದೆ. ಆಮೇಲೆ ಹೇಳೋಣ ಎಂದುಕೊಂಡಿರಬೇಕು. ಐದು ತಿಂಗಳ ನಂತರ ಹಣೆತುಂಬ ಕುಂಕುಮವಿಟ್ಟು ಮಗುವಿನ ಜೊತೆ ಬಂದು ನಿಂತವಳಿಗೆ ಅತ್ತೆ ರಂಗೂನು ಎಂದರು. ಬಾವನಿಗಂತೂ ಅವಳ ಜೊತೆ ಮಾತೇ ಇರಲಿಲ್ಲ.

ಕೋದಂಡಪ್ಪ ಹೇಳಿಕೆಯನ್ನು ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡು ಮಧ್ಯಾಹ್ನದ ರೈಲು ಹಿಡಿದ. ದಾರಿಯುದ್ದಕ್ಕೂ ಅವನನ್ನು ಕಾಡಿದ್ದು ಒಂದೇ ವಿಷಯ. ಅಜ್ಜಿ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಆ ಉತ್ತರ ಹೇಳಿದರೆ ಐವತ್ತಾರು ವರ್ಷದ ಕುಂಕುಮ ಅಳಿಯುತ್ತದೆ. ಹೇಳದಿದ್ದರೆ ಅವನೂ ಬಚ್ಚಪ್ಪನ ಹಾಗೆಯೇ ಆಗುತ್ತಾನೆ. ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗ ಶ್ರೀನಿವಾಸಪ್ಪನವರ ಮನೆಗೆ ಹೋಗಿ ಕೇಳೋಣವೆಂದುಕೊಂಡ, ಹೋಗಲಿಲ್ಲ. ಕಡತದ ವಿಷಯಕ್ಕೆ ಅವರು ಸರಿ, ಇದು ಅವರ ವಿಷಯವಲ್ಲ ಅನ್ನಿಸಿತು.

ಸಂಜೆ ಊರು ತಲುಪಿದಾಗ ಕದಿರಮ್ಮ ಜಗಲಿಯ ಮೇಲೆ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರು. ಕಡ್ಡಿ ಚುಚ್ಚಿ ಎಲೆಗೆ ಎಲೆ ಜೋಡಿಸುವ ಆ ಕೆಲಸ ಹಬ್ಬದ ಹಿಂದಿನ ದಿನ ಅವರದೇ. ಮಾರನೆಯ ದಿನ ಹಿರಿಯರಿಗೆ ಎಡೆ ಇಡಬೇಕಿತ್ತು. ತೀರಿಹೋದವರು ಎಷ್ಟು ಜನವೋ ಅಷ್ಟು ಎಲೆ. ಆ ಮನೆಯಲ್ಲಿ ಮಾತ್ರ ಯಾವಾಗಲೂ ಒಂದು ಎಲೆ ಜಾಸ್ತಿ. ಅದನ್ನು ಶುರು ಮಾಡಿದವರು ಬಚ್ಚಪ್ಪ. ದಿಕ್ಕಿಲ್ಲದವರಿಗೆ ಒಂದು ಇರಲಿ ಎಂದು ಮಗು ಆಂಜಿನಪ್ಪನಿಗೆ ಹೇಳಿದಂತೆ ಒಳಗಿನವರಿಗೆ ಹೇಳುತ್ತಿದ್ದರು. ಮೊದಲು ಬಡಿಸುತ್ತಿದ್ದದ್ದೂ ಆ ಎಲೆಗೇ. ಅವರು ಸತ್ತ ಮೇಲೂ ಮನೆಯವರು ಬಿಡಲಿಲ್ಲ. ಕದಿರಮ್ಮನವರ ಅತ್ತೆ, ಮಾವ, ಬಚ್ಚಪ್ಪ, ಆಂಜಿನಪ್ಪ. ಅವರ ಜೊತೆಗೆ ದಿಕ್ಕಿಲ್ಲದವರದು.

ಕೋದಂಡಪ್ಪ ಎದುರು ಕೂತು ಎಲ್ಲವನ್ನೂ ಹೇಳಿದ. ಕಾಗದವನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿ, ತನ್ನ ಊಹೆ ಯಾವುದು ಎಂದು ಬೇರೆ ಮಾಡಿ ಹೇಳಿದ. ಅಮ್ಮಾಜಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕದಿರಮ್ಮ ಎಲೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಬೆರಳಿನ ಮಾತು ಬಂದಾಗ ಮಾತ್ರ ಕಡ್ಡಿ ಕೆಳಗಿಟ್ಟು, ಇನ್ನೊಂದು ಸಲ ಓದು ಎಂದರು. ಓದಿದ. ಆಮೇಲೆ, ಆ ಗಣಿ ಯಾವುದು ಎಂದು ಕೇಳಿದರು. ಹೇಳಿದ. ಅವರು ಬೇವಿನ ಮರದ ಕೆಳಗೆ ಕೂರುತ್ತಿದ್ದದ್ದು ಅದೇ ಗೇಟಿನ ಎದುರು.

ಕೆಳಗಿಟ್ಟಿದ್ದ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಅಂಗಾರೆ ನನ್ನ ಬಿಟ್ಟು ಓಗಿರ್ಲಿಲ್ಲ" ಎಂದರು ಕದಿರಮ್ಮ.

"ಇಲ್ಲವ್ವ."

"ಜಗಳಾನೂ ಆಡಿರ್ಲಿಲ್ಲ."

"ಅಣ್ಣನ ಪಾಳಿ ಉಳಿಸೋಕೆ ಓಗಿದ್ದು ಕಣವ್ವ."

ಅಮ್ಮಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು. ನಾಳೆ ಹಬ್ಬ, ಊರಿಗೆಲ್ಲ ಹೇಳಬೇಕಾ ಅತ್ತೆ, ನಾವೇ ಇಟ್ಕೊಂಡ್ರೆ ಆಗಲ್ವಾ, ನೀವು ಹೀಗೇ ಇರಿ ಎಂದರು. ಕೋದಂಡಪ್ಪನೂ ಅದನ್ನೇ ಹೇಳಬೇಕೆಂದು ರೈಲಿನಲ್ಲಿ ಯೋಚಿಸಿದ್ದ. ಕದಿರಮ್ಮ ಸೊಸೆಯ ಕಡೆ ತಿರುಗಿದರು. ಅವರ ದನಿ ಲೈನ್ ಮನೆಗಳಲ್ಲಿ ಸೊಪ್ಪಿನ ಬೆಲೆ ಹೇಳುವ ದನಿಯಂತೆಯೇ ಇತ್ತು.

"ಇಷ್ಟು ವರ್ಷ ಬಿಟ್ಟೋಳು ಅನ್ನಿಸ್ಕೊಂಡೆ ಕಣಮ್ಮಿ. ಸತ್ತೋನ ಎಂಡ್ರು ಅನ್ನಿಸ್ಕೊಂಡ್ರೆ ನಂಗೇನು ಕಮ್ಮಿ ಆದದು? ಕೇಳಿದ್ದು ನಾನೇ. ತಿಳೀತು. ಬೆಳಿಗ್ಗೆ ನೀರು ಉಯ್ಕೊಂಡು ನಾನೇ ಅಳಿಸ್ಕೊತೀನಿ, ಯಾರೂ ಕೈ ಇಕ್ಬ್ಯಾಡಿ."

ಬಚ್ಚಪ್ಪನ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ಬಾವನಿಗೆ ಪೆಟ್ಟು ಬಿದ್ದದ್ದು ಬೆರಳಿಗೆ ಮಾತ್ರ ಅಂದುಕೊಂಡಿದ್ದೆ ಎಂದಷ್ಟೇ ಹೇಳಿದರು. ಕತ್ತಲಾಗುವ ಮೊದಲೇ ಕಾಲುಂಗುರಗಳನ್ನು ಕಷ್ಟಪಟ್ಟು ತೆಗೆದರು. ಬೆರಳು ದಪ್ಪವಾಗಿ ಹೋಗಿದ್ದರಿಂದ ಸೋಪಿನ ನೀರು ಹಚ್ಚಬೇಕಾಯಿತು.

ಬೆಳಿಗ್ಗೆ ಅವರು ಎಲ್ಲರಿಗಿಂತ ಮೊದಲು ಸ್ನಾನ ಮಾಡಿ ಬಂದರು. ಹಣೆಯ ನಡುವೆ, ಕುಂಕುಮವಿದ್ದ ಜಾಗದಲ್ಲಿ, ಚರ್ಮ ಸ್ವಲ್ಪ ತಿಳಿಯಾಗಿ ಕಾಣುತ್ತಿತ್ತು. ನೆರೆಮನೆಯ ಹೆಂಗಸು ನೀರಿಗೆ ಹೋಗುವಾಗ ನೋಡಿ ನಿಂತಳು. ಕದಿರಮ್ಮ ತಾವೇ ಕರೆದು, ನನ್ನ ಗಂಡ ಗಣೀಲಿ ಸತ್ತಿದ್ದ, ಕಾಗದ ಸಿಕ್ಕಿದೆ, ಊರಿಗೆಲ್ಲ ಹೇಳು ಎಂದು ಕಳಿಸಿದರು. ಅವಳು ಹೇಳಿಯೂ ಹೇಳಿದಳು. 1963ರಲ್ಲಿ ಅವರು ತೀರಿಕೊಂಡಾಗ ಜಗಲಿಯ ಮೇಲೆ ಯಾರಿಗೂ ಯಾರನ್ನೂ ಕೇಳುವ ಪ್ರಶ್ನೆ ಇರಲಿಲ್ಲ. ಗುರುತು ಹೇಳುವಾಗಲೂ ಊರು ಅಷ್ಟರಲ್ಲಿ ಅವರನ್ನು ಮುನಿಸ್ವಾಮಪ್ಪನ ಎಂಡ್ರು ಅನ್ನತೊಡಗಿತ್ತು.

ಅಮಾವಾಸ್ಯೆಯ ಆ ಮಧ್ಯಾಹ್ನ ಅಡುಗೆಯೆಲ್ಲ ಆಗಿತ್ತು. ಒಳಗೆ ಗೋಡೆಯ ಬದಿಗೆ ಸಗಣಿ ಸಾರಿಸಿ, ರಂಗೋಲಿ ಇಲ್ಲದ ನೆಲದ ಮೇಲೆ ಎಲೆ ಹಾಕಬೇಕಿತ್ತು. ಅಮ್ಮಾಜಮ್ಮ ಹಚ್ಚಿದ ಎಲೆಗಳನ್ನು ತಂದು, ಒಂದು ಹೊಸದು ಸೇರಿತಲ್ಲ ಅತ್ತೆ, ಈ ಸಲ ಆರು ತಾನೇ ಎಂದು ಕೇಳಿದರು. ಕದಿರಮ್ಮ ಅವರ ಕೈಯಿಂದ ಎಲೆಗಳನ್ನು ತೆಗೆದುಕೊಂಡರು. ಬಚ್ಚಪ್ಪ ಪ್ರತಿ ವರ್ಷ ಮೊದಲು ಬಡಿಸುತ್ತಿದ್ದ ಜಾಗಕ್ಕೆ ಬಗ್ಗಿ ಮೊದಲನೆಯ ಎಲೆ ಹಾಕಿದರು.

"ಅವರ್ದು ಮೊದ್ಲಿಂದ್ಲೂ ಇಕ್ಕವ್ನೆ ಬಾವ. ಹೊಸ್ದು ಯಾವ್ದೂ ಬ್ಯಾಡ. ಐದು."